ಮನೆಗೆ ಬಂದವರಿಗೆ ‘ಒಳಗೆ ಸೇದಬೇಡಿ’ ಅಂತ ಹೇಳೋದು ಹೇಗೆ

ನನ್ನ ಮದುವೆಗೆ ಬಂದ ಉಡುಗೊರೆಗಳಲ್ಲಿ ಮೂರು ಆಷ್‌ಟ್ರೇ ಇದ್ದವು. ಒಂದು ಹಿತ್ತಾಳೆಯದು, ಎರಡು ಗಾಜಿನವು. 1986ರ ಮಾತು. ನನ್ನ ಗಂಡ ಬೀಡಿ ಸಿಗರೇಟು ಮುಟ್ಟಿದವರಲ್ಲ. ಅದು ಕೊಟ್ಟವರಿಗೂ ಗೊತ್ತಿತ್ತು. ಆದರೂ ಕೊಟ್ಟರು. ಮನೆ ಅಂದಮೇಲೆ ನಾಲ್ಕು ಜನ ಬರುತ್ತಾರೆ, ಬಂದವರು ಬೂದಿ ಉದುರಿಸಲು ಮುಂದೆ ಏನಾದರೂ ಇಡಬೇಕಲ್ಲ. ಸ್ಟೀಲ್ ತಟ್ಟೆ, ಗೋಡೆ ಗಡಿಯಾರ, ಟೀ ಲೋಟದ ಸೆಟ್ಟಿನ ಜೊತೆ ಅದೂ ಒಂದು ಸಾಮಾನು, ಅಷ್ಟೇ.

ಈಗ ಮೈಸೂರಿನಲ್ಲಿ ಮದುವೆಗೆ ಯಾರೂ ಆಷ್‌ಟ್ರೇ ಕೊಡುವುದಿಲ್ಲ. ಕಾಲ ಅಷ್ಟು ಬದಲಾಗಿದೆ. ಆದರೂ ಮನೆಗೆ ಬಂದ ಹಿರಿಯರೊಬ್ಬರು ಸೋಫಾದಲ್ಲಿ ಕೂತು ಜೇಬಿಗೆ ಕೈ ಹಾಕಿದರೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ನನಗೆ ಮೂವತ್ತು ವರ್ಷ ಹಾಗೇ ಕಟ್ಟಿತ್ತು. 1994ರಲ್ಲಿ ನನ್ನ ಮಗಳಿಗೆ ಐದು ವರ್ಷ. ಅವಳಿಗೆ ವೀಸಿಂಗ್ ಇತ್ತು. ಒಂದು ಸಂಜೆ ಭಾವ, ನನ್ನ ಗಂಡನ ಅಣ್ಣ, ಹಾಲ್‌ನಲ್ಲಿ ಕೂತು ಸೇದುತ್ತಿದ್ದರು, ಒಳಗೆ ರೂಮಿನಲ್ಲಿ ಅವಳು ಕೆಮ್ಮುತ್ತಿದ್ದಳು. ನಾನೇ ಹೋಗಿ ಅವರ ಮುಂದೆ ಆಷ್‌ಟ್ರೇ ಇಟ್ಟು ಬಂದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

2017ರಲ್ಲಿ ಮೊಮ್ಮಗ ಹುಟ್ಟಿದಾಗ, ಈ ಸಲ ಹೇಳಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದೆ. ಮೊದಲ ಸಲ ಕೆಟ್ಟದಾಗಿ ಹೇಳಿ ಸಂಬಂಧ ಕೆಡಿಸಿಕೊಂಡೆ. ಆಮೇಲೆ ನಿಧಾನವಾಗಿ ಕಲಿತೆ. ಕಲಿತದ್ದು ಇನ್ನೊಬ್ಬರ ಮನೆಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹೊಸ್ತಿಲ ಒಳಗೆ ನಾವೇ ಹೇಳಬೇಕು

2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಸಾರ್ವಜನಿಕ ಜಾಗಗಳಲ್ಲಿ ಸೇದುವುದಕ್ಕೆ ಕಟ್ಟುನಿಟ್ಟಿನ ನಿಷೇಧ ಬಂತು. ಆಫೀಸು, ಆಸ್ಪತ್ರೆ, ಸಿನಿಮಾ ಮಂದಿರ, ಹೋಟೆಲು, ಎಲ್ಲ ಕಡೆ ಬೋರ್ಡು ಬಿತ್ತು. ಆಗ ದಂಡ 200 ರೂಪಾಯಿವರೆಗೆ ಇತ್ತು. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅದು 1000 ರೂಪಾಯಿವರೆಗೆ ಏರಿತು. ಆದರೆ ಈ ಯಾವ ನಿಯಮವೂ ನಮ್ಮ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಒಳಗಿನದು ನಮ್ಮ ಕೆಲಸ.

ಆ ಕೆಲಸ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗಿದ್ದು ಒಂದು ಲೆಕ್ಕ ನೋಡಿದಾಗ. 2009-10ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 52ರಷ್ಟು ಜನ ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು. 2016-17ರಲ್ಲಿ ಅದು ಶೇ 39ರ ಹತ್ತಿರಕ್ಕೆ ಇಳಿಯಿತು. ಯಾವ ಪೊಲೀಸರೂ ಮನೆಯೊಳಗೆ ಬಂದು ದಂಡ ಹಾಕಲಿಲ್ಲ. ಒಂದೊಂದು ಮನೆಯಲ್ಲಿ ಯಾರೋ ಒಬ್ಬರು ಬಾಯಿ ಬಿಟ್ಟು ಹೇಳಿರಬೇಕು ಅಂತ ನಾನು ನಂಬಿದ್ದೇನೆ.

ಮೊದಲು ಮನೆಯವರು ಒಂದಾಗಿ

ಬಂದವರಿಗೆ ಹೇಳುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಒಬ್ಬರು ‘ಬೇಡ’ ಅಂದು, ಇನ್ನೊಬ್ಬರು ‘ಇರಲಿ ಬಿಡು, ಅಪರೂಪಕ್ಕೆ ಬಂದಿದ್ದಾರೆ’ ಅಂದರೆ ಕೆಲಸ ಕೆಟ್ಟಿತು. ಹೇಳಿದವರು ಕೆಟ್ಟವರಾಗುತ್ತಾರೆ, ಅದರಲ್ಲೂ ಸೊಸೆಯೋ ಹೆಂಡತಿಯೋ ಹೇಳಿದ್ದರೆ ಜಾಸ್ತಿ. ನಮ್ಮ ಮನೆಯಲ್ಲಿ ನಾನು, ನನ್ನ ಗಂಡ, ಮಗಳು, ಅಳಿಯ ನಾಲ್ಕೂ ಜನ ಕೂತು ಒಂದೇ ಮಾತಿಗೆ ಬಂದೆವು. ಸೂರಿನ ಕೆಳಗೆ ಯಾರೂ ಸೇದುವ ಹಾಗಿಲ್ಲ. ಹಾಲ್‌ನಲ್ಲೂ ಇಲ್ಲ, ಬಾತ್‌ರೂಮಲ್ಲೂ ಇಲ್ಲ, ಕಿಟಕಿ ಪಕ್ಕವೂ ಇಲ್ಲ, ಮಳೆ ಬಂದರೂ ಇಲ್ಲ.

ಕಿಟಕಿ ಪಕ್ಕ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಕಿಟಕಿ ತೆಗೆದರೆ, ಫ್ಯಾನ್ ಹಾಕಿದರೆ, ಅಗರಬತ್ತಿ ಹಚ್ಚಿದರೆ ವಾಸನೆ ಸ್ವಲ್ಪ ಕಡಿಮೆ ಅನ್ನಿಸಬಹುದು. ಹೊಗೆಯ ಸಣ್ಣ ಕಣಗಳು ಮಾತ್ರ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಪರದೆ, ದಿಂಬು, ಸೋಫಾ ಬಟ್ಟೆಗೆ ಅಂಟಿಕೊಂಡು ಕೂರುತ್ತವೆ. ಆ ಸೋಫಾದ ಮೇಲೆ ಮಗು ಮುಖ ಒತ್ತಿಕೊಂಡು ಮಲಗುತ್ತದೆ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅವರ ಉಸಿರಿನ ದಾರಿ ಸಣ್ಣದು. ‘ಒಂದು ಮೂಲೆಯಲ್ಲಿ ಪರವಾಗಿಲ್ಲ’ ಅನ್ನುವ ಮೂಲೆ ಮನೆಯೊಳಗೆ ಎಲ್ಲೂ ಇಲ್ಲ.

ಆಮೇಲೆ ಆಷ್‌ಟ್ರೇ ತೆಗೆಯಿರಿ. ಟೀಪಾಯಿ ಮೇಲೆ ಆಷ್‌ಟ್ರೇ ಇದ್ದರೆ ಅದೇ ‘ಸೇದಿ’ ಅಂತ ಕರೆದ ಹಾಗೆ. ನಾನು ಗಾಜಿನ ಎರಡನ್ನು ಹಳೇ ಸಾಮಾನಿನವರಿಗೆ ಕೊಟ್ಟೆ. ಹಿತ್ತಾಳೆಯದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಹೊರಗಡೆಗೆ ಇಟ್ಟುಕೊಂಡೆ. ಅದು ಯಾಕೆ ಅಂತ ಈಗ ಹೇಳುತ್ತೇನೆ. ನನ್ನ ಅನುಭವದಲ್ಲಿ ಅದೇ ಅತಿ ಮುಖ್ಯ.

ಹೊರಗೆ ಒಂದು ಜಾಗ ಮಾಡಿಕೊಡಿ

‘ಹೊರಗೆ ಹೋಗಿ ಸೇದಿ’ ಅನ್ನುವುದಕ್ಕೂ ‘ಬನ್ನಿ, ಹೊರಗೆ ಕೂರೋಣ’ ಅನ್ನುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ. ಮೊದಲನೆಯದು ಆಚೆ ಹಾಕುವುದು. ಎರಡನೆಯದು ಕರೆದುಕೊಂಡು ಹೋಗುವುದು. ಬಂದ ನೆಂಟರನ್ನು ಗೇಟಿನ ಹತ್ತಿರ ಒಬ್ಬರನ್ನೇ ನಿಲ್ಲಿಸಿದರೆ ಅವರ ಮನಸ್ಸು ಮುರಿಯುತ್ತದೆ. ಅದಕ್ಕೆ ಜಾಗ ಮೊದಲೇ ಸಿದ್ಧ ಇರಬೇಕು.

ನಮ್ಮ ಕಾಂಪೌಂಡಿನ ಒಳಗೆ ಒಂದು ಸೀಬೆ ಮರ ಇದೆ. ಅದರ ಕೆಳಗೆ ಎರಡು ಕುರ್ಚಿ ಹಾಕಿದೆವು. ಎರಡು ಯಾಕೆಂದರೆ ಬಂದವರ ಜೊತೆ ನನ್ನ ಗಂಡನೂ ಹೋಗಿ ಕೂರುತ್ತಾರೆ, ಗಾಳಿ ಬರುವ ದಿಕ್ಕಿಗೆ ಸ್ವಲ್ಪ ದೂರ. ಮರದ ಬುಡದಲ್ಲಿ ಆ ಹಿತ್ತಾಳೆ ಆಷ್‌ಟ್ರೇ, ಅದರೊಳಗೆ ಮರಳು. ಮರಳು ಇದ್ದರೆ ತುಂಡು ಪೂರ್ತಿ ಆರುತ್ತದೆ, ಗಾಳಿಗೆ ಬೂದಿ ಹಾರುವುದಿಲ್ಲ. ಮಳೆಗಾಲಕ್ಕೆ ಬಾಗಿಲ ಹಿಂದಿನ ಮೊಳೆಗೆ ಒಂದು ದೊಡ್ಡ ಛತ್ರಿ ನೇತುಹಾಕಿದ್ದೇವೆ. ಜಾಗ ಬಾಗಿಲು ಕಿಟಕಿಗೆ ತೀರಾ ಹತ್ತಿರ ಬೇಡ, ಹೊಗೆ ತಿರುಗಿ ಒಳಗೇ ಬರುತ್ತದೆ. ಮಹಡಿ ಮನೆಯವರಿಗೆ ತಾರಸಿ ಆದೀತು. ಬಾಲ್ಕನಿ ಬೇಡ, ಅಲ್ಲಿನ ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ.

ಇಷ್ಟು ಸಿದ್ಧವಾದ ಮೇಲೆ ಮಾತು. ಯಾರಿಗೆ ಏನು ಹೇಳಬೇಕು ಅನ್ನುವುದು ಅವರು ಯಾವ ಕಾಲದಲ್ಲಿ ಸೇದಲು ಕಲಿತರು ಅನ್ನುವುದರ ಮೇಲೆ ನಿಂತಿದೆ. ನಾನು ಇದನ್ನು ತಡವಾಗಿ ಕಂಡುಕೊಂಡೆ.

ಎಪ್ಪತ್ತೈದು ದಾಟಿದವರಿಗೆ

ನಮ್ಮೂರು ಹುಣಸೂರಿನ ಹತ್ತಿರ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಆ ದುಡ್ಡಿನಲ್ಲೇ ನಾನು ಟಿ.ಸಿ.ಎಚ್. ಮಾಡಿ ಮೇಷ್ಟ್ರು ಕೆಲಸಕ್ಕೆ ಸೇರಿದ್ದು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಮನೆಗೆ, ಏರಿಸಿದರೆ ಐದಾರು ದಿನ ಹಗಲು ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಉರಿ ಹೆಚ್ಚು ಕಡಿಮೆ ಆದರೆ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ರಾತ್ರಿಯೆಲ್ಲ ಗಂಡಸರು ಬ್ಯಾರನ್ ಮುಂದೆ ಕೂತು ಬೀಡಿ ಸೇದುತ್ತಾ ನಿದ್ದೆ ತಡೆಯುತ್ತಿದ್ದರು. ಅಪ್ಪ ಬೆಳೆದ ಸೊಪ್ಪು ಸಿಗರೇಟಿಗೆ ಹೋಗುತ್ತಿತ್ತು. ಅಪ್ಪ ಸೇದುತ್ತಿದ್ದುದು ಬೀಡಿ.

ಆ ಕಾಲದಲ್ಲಿ ಬೀಡಿ ಕೊಡುವುದು ಮರ್ಯಾದೆ. ಮದುವೆ ಮನೆಯಲ್ಲಿ, ಬೀಗರ ಊಟದಲ್ಲಿ ಎಲೆ ಅಡಿಕೆ ತಟ್ಟೆಯಲ್ಲೇ ಬೀಡಿ ಕಟ್ಟು, ಬಿಚ್ಚಿದ ಸಿಗರೇಟ್ ಪ್ಯಾಕು, ಬೆಂಕಿಪೊಟ್ಟಣ ಇರುತ್ತಿದ್ದವು. ಬೀಗರಿಗೆ ಸಿಗರೇಟು, ಊರವರಿಗೆ ಬೀಡಿ. ಯಾರ ಮುಂದೆ ತಟ್ಟೆ ಮೊದಲು ಹೋಯಿತು ಅನ್ನುವುದಕ್ಕೆ ಮುನಿಸಿಕೊಂಡವರಿದ್ದಾರೆ. ಹೆಂಗಸರಿಗೆ ಬೀಡಿ ಇಲ್ಲ, ಆದರೆ ನಮ್ಮಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಹೊಗೆಸೊಪ್ಪಿನ ಚೂರು ಇಲ್ಲದ ದಿನವಿರಲಿಲ್ಲ. ಅದನ್ನು ಯಾರೂ ಚಟ ಅನ್ನುತ್ತಿರಲಿಲ್ಲ.

ನನ್ನ ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ದೊಡ್ಡವರು ‘ಒಲೇಲಿ ಬೀಡಿ ಹಚ್ಕೊಂಡು ಬಾರೋ’ ಅಂತ ಕಳಿಸುತ್ತಿದ್ದರಂತೆ. ಹಚ್ಚಬೇಕಾದರೆ ಒಂದು ಸಲ ಎಳೆಯಲೇಬೇಕು. ಹಾಗೆ ಕಲಿತದ್ದು. ಅಪ್ಪ ಅಮ್ಮನೇ ಕೈಗೆ ಕೊಟ್ಟ ಬೀಡಿ ಅದು. ಅಂಥವರ ಮುಂದೆ ಹೋಗಿ ‘ಇದು ಕೆಟ್ಟದ್ದು, ಕ್ಯಾನ್ಸರ್ ಬರುತ್ತೆ’ ಅಂದರೆ ಅವರಿಗೆ ಕೇಳಿಸುವುದು ಬೇರೆ. ಅವರ ಅಪ್ಪನನ್ನೂ, ಅವರ ಇಡೀ ಕಾಲವನ್ನೂ ಬೈದ ಹಾಗೆ ಆಗುತ್ತದೆ. ‘ನಮ್ಮಪ್ಪ ತೊಂಬತ್ತು ವರ್ಷ ಬದುಕಿದ, ಏನಾಯ್ತು?’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಇವರಿಗೆ ರೋಗದ ಮಾತು ಬೇಡ. ಮರ್ಯಾದೆಯ ದಾರಿಯಲ್ಲೇ ಹೇಳಿ. ನಾನು ಚಿಕ್ಕಪ್ಪ ಬಂದು ಕಾಲು ತೊಳೆದು ಕೂತ ಕೂಡಲೇ, ಅವರ ಕೈ ಜೇಬಿಗೆ ಹೋಗುವ ಮೊದಲೇ ಹೇಳಿದೆ. ‘ಚಿಕ್ಕಪ್ಪ, ಮಗೂಗೆ ಉಸಿರಿನ ತೊಂದರೆ ಇದೆ. ಅದಕ್ಕೆ ನಿಮಗೆ ಸೀಬೆ ಮರದ ಕೆಳಗೆ ಕುರ್ಚಿ ಹಾಕಿಸಿದ್ದೀನಿ. ಬೇಕಾದಾಗ ಹೇಳಿ, ಇವರೂ ನಿಮ್ಮ ಜೊತೆ ಬಂದು ಕೂರ್ತಾರೆ.’ ಅಷ್ಟೇ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಮಗೂಗೆ ಏನು ಔಷಧಿ ಕೊಡ್ತಿದ್ದೀರಿ?’ ಅಂತ ಕೇಳಿದರು.

ಈ ಮಾತಿನಲ್ಲಿ ಮೂರು ವಿಷಯ ಇವೆ. ಕಾರಣ ಮಗು, ಅವರಲ್ಲ. ಜಾಗ ಮೊದಲೇ ಇದೆ. ಜೊತೆಗೆ ಒಬ್ಬರು ಬರುತ್ತಾರೆ. ಬೀಡಿ ಬಾಯಿಗೆ ಬಂದಮೇಲೆ ಹೇಳಬೇಡಿ. ಹಚ್ಚಿದ ಬೀಡಿ ಆರಿಸುವುದು ಹಿರಿಯರಿಗೆ ಅವಮಾನ. ಹಚ್ಚುವ ಮುಂಚೆ ಜಾಗ ಬದಲಿಸುವುದು ಸುಲಭ.

ಇನ್ನೊಂದು ಸಣ್ಣ ವಿಷಯ. ಬಂದ ಕೂಡಲೇ ಕಾಫಿ ಕೊಡಬೇಡಿ. ಬಹಳ ಜನಕ್ಕೆ ಕಾಫಿ, ಟೀ ಗಂಟಲಿಗೆ ಇಳಿದ ತಕ್ಷಣ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಾನು ಮೊದಲು ಮಜ್ಜಿಗೆ ಕೊಡುತ್ತೇನೆ. ಕಾಫಿಯನ್ನು ಹೊರಗೆ ಮರದ ಕೆಳಗೇ ತಂದುಕೊಡುತ್ತೇನೆ.

ಐವತ್ತರಿಂದ ಎಪ್ಪತ್ತರವರಿಗೆ

ಇವರೇ ಕಷ್ಟ. ನನ್ನ ಭಾವನ ವಯಸ್ಸಿನವರು. ಸೇದುವುದು ಸ್ಟೈಲು ಆಗಿದ್ದ ಕಾಲದಲ್ಲಿ ಇವರು ಕಾಲೇಜಿಗೆ ಹೋದರು. ಬಸ್ಸಿನಲ್ಲಿ ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಬೀಡಿ ಹಿಡಿಯುತ್ತಿದ್ದ. ಟಾಕೀಸಿನಲ್ಲಿ ತಲೆಯ ಮೇಲೆ ಹಾದುಹೋಗುವ ಬೆಳಕಿನ ತುಂಬ ಹೊಗೆ ಸುರುಳಿ ಸುತ್ತುತ್ತಿತ್ತು. ಆಫೀಸಿನಲ್ಲಿ ಪ್ರತಿ ಮೇಜಿನ ಮೇಲೂ ಬೂದಿಯ ತಟ್ಟೆ. 1975ರ ಕಾಯ್ದೆಯಿಂದ ಸಿಗರೇಟ್ ಪ್ಯಾಕಿನ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಅನ್ನುವ ಎಚ್ಚರಿಕೆ ಬಂತು. ಬರೀ ಅಕ್ಷರ, ಚಿತ್ರ ಇಲ್ಲ. ಅದನ್ನು ಯಾರೂ ಓದುತ್ತಿರಲಿಲ್ಲ. ಚಿತ್ರ ಬಂದದ್ದು 2009ರ ಮೇ 31ರಿಂದ.

ರೈಲಿನ ನಿಯಮ ನೋಡಿ. 1989ರ ರೈಲ್ವೆ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ, ಬೋಗಿಯಲ್ಲಿ ಬೇರೆ ಪ್ರಯಾಣಿಕರು ಆಕ್ಷೇಪ ಮಾಡಿದರೆ ಸೇದಬಾರದು. ಅಂದರೆ ಆಗ ಯಾರೂ ಬಾಯಿ ಬಿಡದಿದ್ದರೆ ಸೇದಬಹುದಿತ್ತು. ‘ಬೇಡ’ ಅನ್ನುವ ಹೊರೆ ಸೇದದವರ ತಲೆಯ ಮೇಲೆ ಇತ್ತು. ಗಂಡಸರೇ ತುಂಬಿದ ಬೋಗಿಯಲ್ಲಿ ಮಗು ಎತ್ತಿಕೊಂಡ ಹೆಂಗಸು ಎದ್ದು ನಿಂತು ಆಕ್ಷೇಪ ಮಾಡುವುದು ಸುಲಭವಾ? ನಾನು ಎಷ್ಟೋ ಸಲ ಮೈಸೂರು-ಬೆಂಗಳೂರು ರೈಲಿನಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು ಕೂತಿದ್ದೇನೆ. ಒಂದು ದಿನವೂ ಬಾಯಿ ಬಿಟ್ಟಿಲ್ಲ. ಆಮೇಲೆ ಈ ಹೊರೆ ಪಕ್ಕ ಬದಲಿಸಿತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಜಾಗದಲ್ಲಿ ಸೇದುವುದು ಬೇರೆಯವರ ಬದುಕುವ ಹಕ್ಕಿಗೆ ಅಡ್ಡ ಅಂತ ಹೇಳಿತು. 2001ರಲ್ಲಿ ಸುಪ್ರೀಂ ಕೋರ್ಟು, 2003ರಲ್ಲಿ ಸಂಸತ್ತಿನ ಕಾಯ್ದೆ. ಈಗ ಕೇಳಬೇಕಾದವರು ಸೇದುವವರು.

ಭಾವನ ವಯಸ್ಸಿನವರು ಈ ಎರಡೂ ಕಾಲ ಕಂಡವರು. ಒಂದು ಕಾಲದಲ್ಲಿ ಎಲ್ಲಿ ಬೇಕಾದರೂ ಸೇದಿದವರು, ಒಂದೊಂದೇ ಜಾಗ ಕೈತಪ್ಪಿ ಹೋಗುವುದನ್ನು ನೋಡಿದ್ದಾರೆ. ಬಸ್ಸು ಹೋಯಿತು, ಟಾಕೀಸು ಹೋಯಿತು, ಆಫೀಸು ಹೋಯಿತು. ಉಳಿದದ್ದು ತಮ್ಮಂದಿರ ಮನೆ. ಅಲ್ಲೂ ಬೇಡ ಅಂದರೆ ಅವರಿಗೆ ಅನ್ನಿಸುವ ನೋವು ನಿಜವಾದದ್ದು. ಇದು ನನಗೆ ಆಗ ಗೊತ್ತಿರಲಿಲ್ಲ.

ಮೊಮ್ಮಗನ ನಾಮಕರಣದ ದಿನ. ಬೀಗರು ಬಂದಿದ್ದರು. ಹಾಲ್ ತುಂಬ ಜನ. ಭಾವ ಕಿಟಕಿ ಪಕ್ಕ ನಿಂತು ಸಿಗರೇಟು ತೆಗೆದರು. ಮೂವತ್ತು ವರ್ಷ ಒತ್ತಿಟ್ಟುಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು. ‘ಭಾವ, ಹೊರಗಡೆ ಆಗಿದ್ರೆ ನಿಮಗೆ ಇನ್ನೂರು ರೂಪಾಯಿ ದಂಡ ಹಾಕ್ತಿದ್ರು’ ಅಂತ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ. ಯಾರೋ ನಕ್ಕರು. ಭಾವ ಸಿಗರೇಟನ್ನು ಪ್ಯಾಕಿಗೆ ವಾಪಸ್ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಊಟ ಮಾಡದೆ ಹೊರಟುಹೋದರು. ಒಂದೂವರೆ ವರ್ಷ ನಮ್ಮ ಮನೆಗೆ ಬರಲಿಲ್ಲ.

ಎರಡು ಯುಗಾದಿ ಆದಮೇಲೆ ನಾನೇ ಒಬ್ಬಟ್ಟು ತೆಗೆದುಕೊಂಡು ಅವರ ಮನೆಗೆ ಹೋದೆ. ‘ಹೇಳಿದ ರೀತಿ ತಪ್ಪು ಭಾವ, ಅದಕ್ಕೆ ಕ್ಷಮಿಸಿ. ಹೇಳಿದ ವಿಷಯ ಮಾತ್ರ ಇವತ್ತಿಗೂ ಅದೇ’ ಅಂದೆ. ಅವರು ಒಬ್ಬಟ್ಟು ಮುರಿಯುತ್ತಾ, ‘ಬೀಗರ ಮುಂದೆ ಅಂದೆಯಲ್ಲಮ್ಮ’ ಅಂದರು. ಬೇಜಾರು ಸಿಗರೇಟಿನದ್ದಲ್ಲ, ಬೀಗರ ಮುಂದೆ ಅಂದದ್ದು.

ಹಾಗಾಗಿ ಈ ವಯಸ್ಸಿನವರಿಗೆ ಹೇಳುವಾಗ ನಾಲ್ಕು ಜನರ ಮುಂದೆ ಬೇಡ. ಹಬ್ಬ, ಊಟದ ಹೊತ್ತು ಬೇಡ. ಅವರು ಬರುವ ಎರಡು ದಿನ ಮೊದಲು ಫೋನ್ ಮಾಡಿ. ಹೇಳುವವರು ರಕ್ತ ಸಂಬಂಧದವರಾದರೆ ಒಳ್ಳೆಯದು. ಭಾವನಿಗೆ ನಾನಲ್ಲ, ನನ್ನ ಗಂಡ, ಅವರ ತಮ್ಮ, ಹೇಳಬೇಕಿತ್ತು. ಕಾನೂನು, ದಂಡದ ಮಾತು ಮನೆಯೊಳಗೆ ತರಲೇಬೇಡಿ. ಅದು ಬೀದಿಯ ಮಾತು.

ಇವರಿಗೆ ವಿಷಯ ಹೇಳಿದರೆ ನಾಟುತ್ತದೆ. ಪೇಪರ್ ಓದುವವರು, ವಾದ ಮಾಡುವವರು. ‘ನನ್ನ ದುಡ್ಡು, ನನ್ನ ಶ್ವಾಸಕೋಶ’ ಅನ್ನುತ್ತಾರೆ. ಇದಕ್ಕೆ 1981ರಲ್ಲೇ ಜಪಾನಿನಿಂದ ಉತ್ತರ ಬಂದಿದೆ. ಹಿರಾಯಾಮ ಅನ್ನುವ ಸಂಶೋಧಕರು ತಾವು ಸೇದದ 91,000ಕ್ಕೂ ಹೆಚ್ಚು ಗೃಹಿಣಿಯರನ್ನು 14 ವರ್ಷ ಗಮನಿಸಿದರು. ಗಂಡ ಜಾಸ್ತಿ ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದು ಜಾಸ್ತಿಯಾಗಿತ್ತು. ಭಾವನಿಗೆ ನನ್ನ ಗಂಡ ಇದನ್ನು ಹೇಳಿದಾಗ ಅವರು ವಾದ ಮಾಡಲಿಲ್ಲ. ಅಕ್ಕನ ಕಡೆ ಒಂದು ಸಲ ನೋಡಿದರು. ಅವರ ಹೆಂಡತಿಗೆ ನಾನು ಅಕ್ಕ ಅನ್ನುತ್ತೇನೆ. ಆಕೆ ನಲವತ್ತು ವರ್ಷದಿಂದ ಅದೇ ಮನೆಯಲ್ಲಿ ಅದೇ ಗಾಳಿ ಕುಡಿಯುತ್ತಿದ್ದಾರೆ.

ಈಗ ಭಾವ ಬಂದರೆ ನೇರ ಸೀಬೆ ಮರದ ಕಡೆಗೇ ಹೋಗುತ್ತಾರೆ.

ಹುಡುಗರಿಗೆ

ಇಪ್ಪತ್ತು ಮೂವತ್ತರ ಹುಡುಗರು ನಮ್ಮ ಮುಂದೆ ಸೇದುವುದಿಲ್ಲ. ಮುಚ್ಚಿಡುತ್ತಾರೆ. ಮುಚ್ಚಿಡುವುದು ಹೊಸದೇನಲ್ಲ, ನಮ್ಮಪ್ಪನೂ ತಾತನ ಎದುರು ಸೇದದೆ ಬ್ಯಾರನ್ ಹಿಂದೆ ಹೋಗುತ್ತಿದ್ದರು. ಆದರೆ ಆಗಿನ ಕಾರಣ ಹಿರಿಯರ ಭಯ. ಮದುವೆಯಾಗಿ ಮಕ್ಕಳಾದ ಮೇಲೆ ಆ ಭಯ ಹೋಗುತ್ತಿತ್ತು. ಈಗಿನ ಹುಡುಗರು ನಾಚಿಕೊಳ್ಳುವುದು ಆ ಹೊಗೆಗೇ. ಬಟ್ಟೆಗೆ ವಾಸನೆ ಬಂದರೆ ಮುಜುಗರ, ಮದುವೆಗೆ ಹೆಣ್ಣಿನ ಕಡೆಯವರು ‘ಹುಡುಗ ಸೇದ್ತಾನಾ?’ ಅಂತ ವಿಚಾರಿಸುತ್ತಾರೆ. ನನ್ನ ಮದುವೆಯಲ್ಲಿ ಈ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ.

ಮುಚ್ಚಿಡುವುದರಿಂದ ಮನೆಗೆ ಒಂದು ತೊಂದರೆ ಇದೆ. ಟೀ ಅಂಗಡಿಗೆ ಹೋಗಿ ಸೇದಿ, ಬಾಯಿಗೆ ಮಿಂಟು ಹಾಕಿಕೊಂಡು ಬಂದು, ಅದೇ ಶರ್ಟಿನಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಇಲ್ಲವೇ ರಾತ್ರಿ ಬಾತ್‌ರೂಮಲ್ಲಿ ಸೇದುತ್ತಾರೆ. ನನ್ನ ತಮ್ಮನ ಮಗ ನಮ್ಮಲ್ಲಿದ್ದು ಓದುವಾಗ ಹೀಗೇ ಆಯಿತು. ನಾನು ಬೈಯಲಿಲ್ಲ. ‘ನಂಗೆ ಗೊತ್ತು ಕಣಪ್ಪ. ನಿಮ್ಮಪ್ಪಂಗೆ ಹೇಳಲ್ಲ. ಬಾತ್‌ರೂಮ್ ಬೇಡ, ತಾರಸಿಗೆ ಹೋಗು. ಬಂದಮೇಲೆ ಕೈ ಬಾಯಿ ತೊಳ್ಕೊಂಡು ಶರ್ಟ್ ಬದಲಾಯಿಸಿ ಆಮೇಲೆ ಮಗೂನ ಎತ್ಕೋ’ ಅಂದೆ. ಗುಟ್ಟಿನ ಹೊರೆ ಇಳಿದ ಮೇಲೆ ಅವನೇ ಒಂದು ದಿನ ಬಂದು ‘ಅತ್ತೆ, ಬಿಡಬೇಕು ಅಂತಿದ್ದೀನಿ’ ಅಂದ.

ಕೆಲವರು ‘ಇದು ಹೊಗೆ ಅಲ್ಲ, ಬರೀ ಆವಿ’ ಅಂತ ವೇಪ್, ಅಂದರೆ ಇ-ಸಿಗರೇಟು, ತೋರಿಸುತ್ತಾರೆ. ಅದರಲ್ಲೂ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟವೇ ನಿಷೇಧ. ಸೂರಿನ ಕೆಳಗೆ ಅದೂ ಬೇಡ ಅಂತ ಸ್ಪಷ್ಟವಾಗಿ ಹೇಳಿ.

ಹುಡುಗಿಯರ ವಿಷಯ. ಮಗಳ ಆಫೀಸಿನ ಸ್ನೇಹಿತೆಯೊಬ್ಬಳು ಮನೆಗೆ ಬಂದಾಗ ‘ಆಂಟಿ, ಎಲ್ಲಾದ್ರೂ ಜಾಗ ಇದೆಯಾ?’ ಅಂತ ನೇರವಾಗಿ ಕೇಳಿದಳು. ಪಕ್ಕದ ಮನೆಯವರು ಅವಳು ಮರದ ಕೆಳಗೆ ಕೂತಿದ್ದನ್ನು ನೋಡಿ ಒಂದು ವಾರ ಆಡಿಕೊಂಡರು. ಅದೇ ಕುರ್ಚಿಯಲ್ಲಿ ಭಾವ ಕೂತಾಗ ಯಾರೂ ಏನೂ ಅಂದಿರಲಿಲ್ಲ. ಅವರಿಗೆ ಚಿಂತೆ ಅವಳ ಶ್ವಾಸಕೋಶದ್ದಲ್ಲ. ಈ ವಿಷಯದಲ್ಲಿ ನಮ್ಮ ಮನಸ್ಸು ಇನ್ನೂ ಬದಲಾಗಬೇಕಾಗಿದೆ. ಹೆಣ್ಣುಮಕ್ಕಳಿಗೆ ಒಂದು ಮಾತು, ಗಂಡುಮಕ್ಕಳಿಗೆ ಒಂದು ಮಾತು ಇಟ್ಟುಕೊಳ್ಳಬೇಡಿ. ಮನೆಯ ನಿಯಮ ಎಲ್ಲರಿಗೂ ಒಂದೇ, ಕುರ್ಚಿಯೂ ಎಲ್ಲರಿಗೂ ಒಂದೇ.

ಕೆಲಸಕ್ಕೆ ಬಂದವರಿಗೆ

ಗಾರೆಯವರು, ಪೇಂಟರ್, ಪ್ಲಂಬರ್ ಬಂದಾಗ ಕೂಲಿ ಮಾತಾಡುವಾಗಲೇ ಹೇಳಿ. ‘ಬೀಡಿ ಸೇದೋದಿದ್ರೆ ಮರದ ಕೆಳಗೆ, ಅದಕ್ಕೆ ಕೂಲಿ ಹಿಡಿಯಲ್ಲ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹೆಚ್ಚಿನವರು ಥಿನ್ನರ್, ಪೇಂಟ್ ಇರುವ ಕಡೆ ತಾವೇ ಹುಷಾರಾಗಿರುತ್ತಾರೆ. ನೆಂಟರಿಗೆ ಇಟ್ಟ ಕುರ್ಚಿಯನ್ನೇ ಇವರಿಗೂ ಕೊಡಿ.

ಅವರೇ ಬಿಡುತ್ತೇನೆ ಅಂದರೆ

ಬಿಡಿಸುವುದು ನಮ್ಮ ಕೆಲಸ ಅಂತ ಹಿಂದೆ ಬೀಳಬೇಡಿ. ಒಳಗೆ ಬೇಡ ಅನ್ನುವುದು ಒಂದು ಮಾತು, ಬಿಟ್ಟುಬಿಡಿ ಅನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೇಳಿದರೆ ಎರಡೂ ನಡೆಯುವುದಿಲ್ಲ. ಆದರೆ ಅವರಾಗಿ ಕೇಳಿದಾಗ ಕೈಯಲ್ಲಿ ಮಾಹಿತಿ ಇರಲಿ. 1800 11 2356 ಅನ್ನುವುದು ತಂಬಾಕು ಬಿಡಲು ನೆರವು ಕೊಡುವ ಸರ್ಕಾರದ ಉಚಿತ ಫೋನ್ ನಂಬರು. ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ. ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ.

ತಮ್ಮನ ಮಗನಿಗೆ ಉಪಯೋಗ ಆಗಿದ್ದು ಒಂದು ಸಣ್ಣ ತಿಳಿವಳಿಕೆ. ಸೇದಬೇಕು ಅನ್ನುವ ಆಸೆ ಜೋರಾಗಿ ಬಂದರೂ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆ ನಿಮಿಷ ದಾಟಿಸಲು ಅವನು ಸೋಂಪು ಅಗಿಯುತ್ತಿದ್ದ, ಗಿಡಕ್ಕೆ ನೀರು ಹಾಕುತ್ತಿದ್ದ. ಮೊದಲ ವಾರ ಸಿಡಿಮಿಡಿ, ನಿದ್ದೆ ಇಲ್ಲ. ಆ ವಾರ ಮನೆಯಲ್ಲಿ ಯಾರೂ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಎರಡು ಸಲ ಜಾರಿದ. ಮೂರನೇ ಸಲ ನಿಂತ.

ಎಡೆಯ ಬೀಡಿ

ಅಪ್ಪ 2003ರಲ್ಲಿ ತೀರಿಕೊಂಡರು. ಮಹಾಲಯ ಅಮಾವಾಸ್ಯೆಗೆ ತಮ್ಮನ ಮನೆಯಲ್ಲಿ ಎಡೆ ಇಡುತ್ತೇವೆ. ನಮ್ಮ ಕಡೆ ಸತ್ತವರು ಇಷ್ಟಪಟ್ಟಿದ್ದೆಲ್ಲ ಎಡೆಯಲ್ಲಿ ಇಡಬೇಕು. ಅಪ್ಪನಿಗೆ ಮುದ್ದೆ, ಉಪ್ಪುಸಾರು, ಕೋಳಿ ಸಾರು, ಜೊತೆಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮೊದಲೆಲ್ಲ ಒಂದು ಬೀಡಿ ಹಚ್ಚಿ ಎಡೆಯ ಮುಂದೆ ಇಡುತ್ತಿದ್ದೆವು. ಮೊಮ್ಮಗ ಬಂದಮೇಲೆ ಹಚ್ಚುವುದು ನಿಲ್ಲಿಸಿದೆವು. ಇಡುವುದನ್ನು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಬ್ಯಾರನ್ ಮುಂದೆ ರಾತ್ರಿಯಿಡೀ ಕೂತು ನನ್ನನ್ನು ಓದಿಸಿದ ಮನುಷ್ಯ. ಅವರ ಕಾಲದಲ್ಲಿ ಅದು ಅವರಿಗೆ ಜೊತೆಯಾಗಿತ್ತು.

ಹೋದ ವರ್ಷ ಎಡೆ ಮುಗಿದು ಎಲ್ಲರೂ ಊಟಕ್ಕೆ ಏಳುವಾಗ ಚಿಕ್ಕಪ್ಪ ಆ ಕಟ್ಟಿನಿಂದ ಒಂದು ಬೀಡಿ ತೆಗೆದುಕೊಂಡರು. ‘ಅಣ್ಣಂದು’ ಅಂದರು. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಬಾಗಿಲ ಹಿಂದಿನಿಂದ ಛತ್ರಿ ತೆಗೆದು ಬಿಚ್ಚಿ, ಅಂಗಳ ದಾಟಿ ತೆಂಗಿನ ಮರದ ಕಡೆಗೆ ನಡೆದಾಗಿತ್ತು.